ಲಂಗರು ಬಿಟ್ಟ ಕೈ

ಕೊಲ್ಲಿ ನಾಡಿನ ಅಬು ಹಲೀಫಾದ ಕ್ಲಿನಿಕ್ಕಿನಲ್ಲಿ ಜ್ವರದ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಗರ್ಟ್ರೂಡ್ ಸರದಿ ಕಾಯುತ್ತಿದ್ದಳು. ಎದುರು ಬೆಂಚಿನಿಂದ ಮಂಗಳೂರಿನ ಕನ್ನಡ ಕೇಳಿ ಕಿವಿ ತಾನಾಗಿ ಅತ್ತ ಹೋಯಿತು. ಅಲ್ಲಿದ್ದ ಇಬ್ಬರಲ್ಲಿ ಹಿರಿಯನ ಅಂಗೈಗೆ ಗಾಳ ಚುಚ್ಚಿ, ಸುತ್ತಿದ ಬಟ್ಟೆ ಕೆಂಪಾಗಿತ್ತು.

“ನೋಯ್ತದಾ, ಪುರಂದರಣ್ಣ?”

“ಕೈಯ ಸುದ್ದಿ ಬಿಡು ಯತೀಶ. ನಿನ್ನೆ ನಮ್ಮ ದೋಣಿಗೆ ಎಣ್ಣೆ ಪ್ಲಾಟ್‌ಫಾರ್ಮಿನಿಂದ ಮೈಕಿನಲ್ಲಿ ಕೂಗಿದ್ದು ನೀನೇ ಅಲ್ವಾ?”

“ಹೌದು. ‘ಭಾಯಿ, ಅಡಿಯಲ್ಲಿ ಎಣ್ಣೆ ಪೈಪ್ ಉಂಟು, ಲಂಗರು ಹಾಕ್ಬೇಡಿ’ ಅಂತ. ನೀವೇ ಕಲಿಸಿದ್ದು.”

“ನನ್ನ ಗುರುತು ಸಿಕ್ಕಿತಾ?”

“ಮುಖಕ್ಕೆ ಟವೆಲ್ ಹಾಕಿದ್ರಿ. ಆದ್ರೆ ಅದು ನಮ್ಮ ಕಾವಲಿನವರಿಗೆ ಕೊಟ್ಟ ಟವೆಲ್ ಅಲ್ವಾ ಮಾರಾಯ್ರೆ!”

ಪುರಂದರ ನಗಲಿಲ್ಲ.

“ಹಮೂರ್ ಮೀನು ಇರುವುದು ಆ ಪ್ಲಾಟ್‌ಫಾರ್ಮಿನ ಕಂಬಗಳ ಬುಡದಲ್ಲೇ ಅಂತ ಗೆಳೆಯರ ಹತ್ರ ದೊಡ್ಡಸ್ತಿಕೆ ಹೊಡೆದೆ. ಲಂಗರು ಬಿಟ್ಟದ್ದೂ ಇದೇ ಕೈ. ಆಫೀಸಿಗೆ ಹೇಳಿದ್ಯಾ?”

“ಇಲ್ಲ. ಮೊದಲ ಸಲ ಬಂದವರನ್ನು ಬುದ್ಧಿ ಹೇಳಿ ಬಿಡ್ಬೇಕು ಅಂತ ನೀವೇ ಹೇಳ್ತಿದ್ರಲ್ಲ?”

“ಅದು ಗೊತ್ತಿಲ್ಲದವರಿಗೆ, ಮಾರಾಯ.”

ನರ್ಸ್ ಪುರಂದರನ ಹೆಸರು ಕರೆದಳು.

“ಗಾಳ ತೆಗೆಸಿ ಬರ್ತೇನೆ. ಮತ್ತೆ ಆಫೀಸಿಗೆ ಹೋಗುವ. ಹೇಳುವುದು ನಾನು.”

“ಕೆಲಸ ಹೋದ್ರೆ, ಅಣ್ಣ?”

“ಹೇಳದಿದ್ರೆ ನಾಳೆ ಆ ಮೈಕ್ ಹಿಡಿದು ನಾನು ಯಾರಿಗೆ ಬುದ್ಧಿ ಹೇಳುವುದು?”

ಪುರಂದರ ಎದ್ದು ಗರ್ಟ್ರೂಡಳ ಮುಂದಿನಿಂದಲೇ ಹಾದುಹೋದ. ಅವನ ಮುಖ ನೋಡಬಾರದೆಂದು ಅವಳು ಬಗ್ಗಿ ಮಗಳ ಹೊದಿಕೆಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.