ಹದಿನೆಂಟು ಕಪ್ಪು ಪಟ್ಟಿಗಳು

ನಾನು, ಎಲ್ಲರೂ ಟೈಲರಕ್ಕ ಎಂದು ಕರೆಯುವ ಹೆಂಗಸು, ವಯಸ್ಸು ಐವತ್ತನಾಲ್ಕು ವರ್ಷ, ಉದ್ಯೋಗ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ ಹೊಲಿಯುವುದು, ವಾಸ ಮೈದಾನದ ಹಿಂದಿನ ಗೇಟಿನ ಎದುರು, ನನ್ನ ಅಂಗಡಿಯ ಮೇಲಿನ ಮನೆ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕ್ಲಬ್ಬಿನ ಕಾರ್ಯದರ್ಶಿ ನನ್ನ ಒಡಹುಟ್ಟಿದ ತಮ್ಮ. ಹಿಂದೆ ಗೋಲ್‌ಕೀಪರ್ ಆಗಿದ್ದವನು. ಕಳೆದ ತಿಂಗಳಿನಿಂದ ಇಬ್ಬರು ವಿದೇಶಿ ಹೂಡಿಕೆದಾರರು ಕ್ಲಬ್ಬನ್ನು ಮೈದಾನದ ಸಮೇತ ಕೊಳ್ಳಲು ಓಡಾಡುತ್ತಿದ್ದಾರೆ. ಪಂದ್ಯಕ್ಕೆ ಬಂದರೂ ಅವರು ಚೆಂಡಿನ ಕಡೆ ನೋಡುವುದಿಲ್ಲ, ಸುತ್ತಲಿನ ಕಟ್ಟಡಗಳನ್ನೇ ನೋಡುತ್ತಾರೆ. ಸಮಿತಿಯ ಉಳಿದವರೆಲ್ಲ ಮಾರಾಟಕ್ಕೆ ಒಪ್ಪಿದ್ದಾರೆ, ತಮ್ಮ ಒಪ್ಪಿಲ್ಲ. ಕಾರ್ಯದರ್ಶಿಯ ಸಹಿ ಇಲ್ಲದೆ ಮಾರುವಂತಿಲ್ಲ. ಕಾರ್ಯದರ್ಶಿಯ ಹುದ್ದೆ ಖಾಲಿಯಾದರೆ ಮಾತ್ರ ಉಳಿದವರು ಸೇರಿ ಸಹಿ ಹಾಕಬಹುದು. ಅವನು ಹಟ ಹಿಡಿದರೆ ಜಗ್ಗುವವನಲ್ಲ, ಚಿಕ್ಕಂದಿನಿಂದಲೂ ಹಾಗೇ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಇಬ್ಬರೂ ದುಭಾಷಿ ಹೆಂಗಸಿನೊಂದಿಗೆ ನನ್ನ ಅಂಗಡಿಗೆ ಬಂದರು. ನಾನು ಕಾರ್ಯದರ್ಶಿಯ ಅಕ್ಕ ಎಂದು ಗೊತ್ತಿಲ್ಲದೆ ಬಂದರೋ, ಗೊತ್ತಿದ್ದೇ ಬಂದರೋ ಹೇಳಲಾರೆ. ಭಾನುವಾರದ ಪಂದ್ಯಕ್ಕೆ ಆಟಗಾರರ ತೋಳಿಗೆ ಕಟ್ಟುವ ಕಪ್ಪು ಪಟ್ಟಿ ಹದಿನೆಂಟು ಬೇಕೆಂದು ದುಭಾಷಿ ಹೇಳಿದಳು. ಕ್ಲಬ್ಬಿನವರು ಯಾರಾದರೂ ತೀರಿಕೊಂಡಾಗ ಮಾತ್ರ ನಮ್ಮ ಹುಡುಗರು ಅದನ್ನು ಕಟ್ಟುವುದು. ತೀರಿಕೊಂಡವರು ತೊಡುತ್ತಿದ್ದ ಜೆರ್ಸಿಯ ನಂಬರನ್ನು ಪಟ್ಟಿಯ ಮೇಲೆ ಬಿಳಿ ದಾರದಲ್ಲಿ ಹೊಲಿಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆದ್ದರಿಂದ ಯಾವ ನಂಬರ್ ಎಂದು ಕೇಳಿದೆ. ಅವಳು ಅವರನ್ನು ಕೇಳಿ, ಒಂದು ಎಂದಳು. ಇಬ್ಬರಲ್ಲಿ ಹಿರಿಯವನು ನನಗೆ ತಲೆಬಾಗಿ ಹೊರಟನು.

ನಮ್ಮಲ್ಲಿ ಒಂದನೇ ನಂಬರ್ ತೊಟ್ಟವರು ಇಬ್ಬರೇ. ಮೊದಲನೆಯವರು ನಾವೆಲ್ಲ ಮಾವ ಎನ್ನುವ ಹಳೆಯ ಗೋಲ್‌ಕೀಪರ್, ಬಹಳ ದಿನದಿಂದ ಕಾಯಿಲೆ ಬಿದ್ದಿದ್ದವರು. ಎರಡನೆಯವನು ನನ್ನ ತಮ್ಮ, ಅವನು ಆಟ ಬಿಟ್ಟ ಮೇಲೆ ಆ ನಂಬರನ್ನು ಯಾರಿಗೂ ಕೊಟ್ಟಿಲ್ಲ. ಮಾವ ಹೋಗಿಬಿಟ್ಟರು ಎಂದುಕೊಂಡು ಅಳುತ್ತಲೇ ಒಂಬತ್ತು ಪಟ್ಟಿ ಹೊಲಿದೆ. ಶುಕ್ರವಾರ ಸಂಜೆ ಮನೆಯವರನ್ನು ಮಾತನಾಡಿಸಿ ಬರೋಣವೆಂದು ಹೋದರೆ, ಬಾಗಿಲು ತೆಗೆದವರು ಮಾವನೇ. ನನ್ನ ಕೈಯಲ್ಲಿದ್ದ ಹೂವನ್ನು ನೋಡಿ, ಏನಮ್ಮ, ಇಷ್ಟ್ ಬೇಗ ತಂದ್ಬಿಟ್ಯಾ, ನಾನಿನ್ನೂ ಇದ್ದೀನಲ್ಲ ಎಂದು ನಕ್ಕರು. ಹಾಗಾದರೆ ಆ ನಂಬರ್ ನನ್ನ ತಮ್ಮನದೇ ಎಂದು ಹೊಳೆದು, ಹೂವನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟೆ.

ಅಲ್ಲಿಂದ ನೇರವಾಗಿ ಕ್ಲಬ್ಬಿನ ಕಚೇರಿಗೆ ಹೋಗಿ ತಮ್ಮನಿಗೆ ವಿಷಯ ತಿಳಿಸಿದೆ. ಅವನು, ನಿಂಗೆಲ್ಲೋ ತಲೆ ಕೆಟ್ಟಿದೆ ಅಕ್ಕ, ದುಡ್ಡಿರೋರು ಹಿಂಗೇ ಹೆದರ್ಸೋದು, ಹೆದರ್ಕೊಂಡ್ರೆ ಅವರು ಗೆದ್ದಂಗೆ ಎಂದನು. ಹಾಗೆ ಹೇಳುತ್ತಲೇ ಎದ್ದು ಹೋಗಿ ಕಿಟಕಿ ಹಾಕಿದನು.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ದುಭಾಷಿ ಒಬ್ಬಳೇ ಬಂದಳು. ಹೊಲಿದದ್ದನ್ನೂ ಬಿಚ್ಚಿಹಾಕಿದ್ದೇನೆ, ಕೊಡುವುದಿಲ್ಲ, ಹೋಗಿ ಹೇಳು ಎಂದೆ. ಅವಳಿಗೆ ಸಿಟ್ಟು ಬರಲಿಲ್ಲ. ತಗ್ಗಿದ ದನಿಯಲ್ಲಿ, ಪರ್ವಾಗಿಲ್ಲಮ್ಮ, ಬೇರೆ ಕಡೆ ಹೊಲಿಸಿ ಆಯ್ತು, ನಿಮ್ಗೆ ತೊಂದ್ರೆ ಕೊಡೋದ್ ಬೇಡ ಅಂದ್ರು ಎಂದಳು. ನನ್ನ ಮುಖ ನೋಡಲಿಲ್ಲ.

ಈ ಹೇಳಿಕೆ ಬರೆದುಕೊಳ್ಳುತ್ತಿರುವವರು, ಪಟ್ಟಿ ಹೊಲಿಸುವುದು ಅಪರಾಧವಲ್ಲ, ಏನಾದರೂ ಆದರೆ ಬನ್ನಿ ಎಂದು ಹೇಳಿದರು. ಆದ ಮೇಲೆ ಬಂದು ನಾನೇನು ಮಾಡಲಿ ಎಂದು ಕೇಳಿದೆ. ನನಗೆ ಭಯವಾಗಿದೆ. ಭಾನುವಾರ ಮುಗಿಯುವವರೆಗೆ ತಮ್ಮನ ಜೊತೆಗೆ ಒಬ್ಬ ಪೇದೆಯನ್ನಾದರೂ ಇರಿಸಬೇಕೆಂದು ಕೋರುತ್ತೇನೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ನಾನು ಸಹಿ ಹಾಕುತ್ತಿರುವ ಈ ಹೊತ್ತಿಗೆ ನನ್ನ ತಮ್ಮ ಬದುಕಿದ್ದಾನೆ ಎಂಬುದೂ ನಿಜ. ಅದನ್ನೂ ಸೇರಿಸಿ ಬರೆಯಿರೆಂದು ನಾನೇ ಹೇಳಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಮಧ್ಯಾಹ್ನ
ಸಹಿ: ಟೈಲರಕ್ಕ