ಮುಚ್ಚಿದ ಮಂಡಳದ ಹೋಕಾರ

ಆ ಫ್ಯಾನ್ ಬಂದ್ ಮಾಡ್ರಿ ಮೊದಲ. ಅದರ ಕರಕರ ಒಳಗ ಈ ಮಾತು ಹೇಳಾಕ ಆಗಂಗಿಲ್ಲ. ನಗಾವ್ರು ಈಗ ನಕ್ಕು ಬಿಡ್ರಿ, ಆಮ್ಯಾಲೆ ನಗೂದಿಲ್ಲ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಮಾವಶಿ, ಅಂದ್ರ ಅವ್ವನ ತಂಗಿ, ಆಕಿ ಮಗ ಸಾರಂಗಗ ಆದದ್ದು. ನನಗ ಅಕ್ಕಾ ಅಂತಾನ, ನನ್ನ ಮುಂದ ಸುಳ್ಳು ಹೇಳಂಗಿಲ್ಲ.

ದಸರಾ ಮುಗದಿತ್ತು, ದೀಪಾವಳಿ ಇನ್ನ ಬಂದಿದ್ದಿಲ್ಲ. ಸಾಂಗ್ಲಿಯ ವಿಶ್ರಾಮಬಾಗದಾಗ ಅವನ ಆಫೀಸು. ಅವತ್ತ ತಡಾ ಆತು. ನಡಕೋತ ಮನಿಗೆ ಹೊಂಟಾನ. ದಾರಿ ಮ್ಯಾಲೆ ಒಂದು ಹಳೇ ಬಾವಿ, ಅದರ ಮ್ಯಾಲೆ ಬಾಗಿದ ಆಲದ ಮರ. ಬಾವಿಗೆ ಕಬ್ಬಿಣದ ಜಾಳಿಗಿ ಹಾಕ್ಯಾರ. ಆಲದ ಹಣ್ಣು ಅದರ ಮ್ಯಾಲೆ ಬೀಳತಾವು... ಟಪ್... ಟಪ್. ದಿನಾ ಕೇಳೂ ಸಪ್ಪಳ. ಬಾವಿ ದಾಟಿದ. ಕಿರಾಣಿ ಅಂಗಡಿ ದಾಟಿದ. ಓಣಿ ತಿರುಗಿದ.

ಮುಂದ ಮತ್ತ ಬಾವಿ.

ತಲಿ ದಣದೈತಿ ಅಂದ್ಕೊಂಡ. ಮತ್ತ ನಡದ. ಕಿರಾಣಿ ಅಂಗಡಿ, ಓಣಿ... ಮತ್ತ ಬಾವಿ. ನಮ್ಮ ಕಡೆ ಇದಕ್ಕ ಚಕವಾ ಹತ್ತೂದು ಅಂತಾರ. ಎಷ್ಟು ನಡದ್ರೂ ಹೊಂಟಲ್ಲೇ ಬಂದು ನಿಂದರತೀರಿ. ಈ ಸಲ ಹಣ್ಣಿನ ಸಪ್ಪಳ ಇದ್ದಿಲ್ಲ. ಬೆನ್ನ ಹಿಂದ ಗಾಜಿನ ಬಳಿ ಒಂದರ ಮ್ಯಾಲೊಂದು ಜಾರಿದಂಗ... ಕಿಣ್. ಇಂವ ನಿಂತ್ರ ಅದೂ ನಿಂದರತಿತ್ತು. ತಿರುಗಿ ನೋಡೂ ಧೈರ್ಯ ಆಗಲಿಲ್ಲ. ಅಷ್ಟ್ರಾಗ ಕಿಸೆದಾಗಿನ ಫೋನು ಟುಣ್ ಅಂತು. ತಗದು ನೋಡಿದ.

"ನಿಮ್ಮ ಪಸಂತಿ ತಲುಪಿದೆ. ಕನ್ಯೆಯ ಕಡೆಯಿಂದ ಹೋಕಾರ ಬಂದಿದೆ. ನೋಡಲು ಬರಬೇಕು."

ಹೋಕಾರ ಅಂದ್ರ ಒಪ್ಪಿಗಿ. ಓದಿ ಮುಗಿಸಿ ತಲಿ ಎತ್ತಿದ್ರ ತನ್ನ ಮನಿ ಮುಂದ ನಿಂತಿದ್ದ.

ಈಗ ಅವನ ಕೆಲಸ ಎಂಥಾದ್ದಂತ ಹೇಳತೇನಿ, ಇಲ್ಲಂದ್ರ ನಿಮಗ ತಿಳಿಯಂಗಿಲ್ಲ. ಬಂದ್ ಬಿದ್ದ ಸಂಘ, ಒಡದು ಹೋದ ಮಂಡಳ, ಇವುಗಳ ವೆಬ್‌ಸೈಟ್ ಇರ್ತಾವಲ್ಲ, ಅವು ಅಳಿಸಿ ಹೋಗೂದ್ರೊಳಗ ಪೂರಾ ನಕಲು ಇಳಿಸಿ ಕಾದಿಡೂದು. ನಾಟಕದ ಮಂಡಳಿ, ಸೈಕಲ್ ಕ್ಲಬ್ಬು, ಮಹಾಪೂರ ಬಂದಾಗ ದೋಣಿ ಕಳಿಸಿದ ಹುಡುಗರ ಬಳಗ, ಎಲ್ಲಾ ಅವರ ಆಫೀಸಿನ ಹಂತ್ಯಾಕ ಅದಾವು. ಸತ್ತವ್ರ ಮನಿ ಕಾಯೂ ಉದ್ಯೋಗ ಅಂತ ನಾ ಅವಂಗ ಚ್ಯಾಷ್ಟಿ ಮಾಡ್ತಿದ್ದೆ. ಈಗ ಮಾಡಂಗಿಲ್ಲ.

ಆ ವಾರ ಅವನ ಪಾಲಿಗೆ ಬಂದದ್ದು ನಮ್ಮ ಕನ್ನಡ ಮಂದಿದೇ ಒಂದು ವಧು-ವರ ಮಂಡಳ. ಸಾಂಗ್ಲಿ-ಮಿರಜದಾಗ ಒಂದು ಕಾಲಕ್ಕ ಭಾಳ ನಡದಿತ್ತು. ನಡಸಾವ್ರು ವಯಸ್ಸಾಗಿ ಕೂತ್ರು, ಮಂಡಳ ಮುಚ್ಚಿತು, ವೆಬ್‌ಸೈಟ್ ಮಾತ್ರ ಹಂಗ ಉಳದಿತ್ತು. ಒಳಗ ಹೋಗಬೇಕಂದ್ರ ವಧು ಆಗಿರಬೇಕು, ಇಲ್ಲಾ ವರ. ಇಂವ ವರ ಆದ. ಸುಳ್ಳು ಹೆಸರು ಹಾಕಬಾರದಂತ ಖರೇ ಹೆಸರು, ಖರೇ ಫೋಟೋ, ಗೋತ್ರ, ನಕ್ಷತ್ರ, ಫೋನ್ ನಂಬರು ಎಲ್ಲಾ ಹಾಕಿದ. ಪ್ರಾಮಾಣಿಕ ಮನಷ್ಯಾ ನೋಡ್ರಿ! ಲಗ್ನ ನಿಕ್ಕಿ ಆದ ಹುಡುಗಿ ಸುಖದಾ, ಸಾಖರಪುಡಾದಾಗ, ಅಂದ್ರ ನಿಶ್ಚಿತಾರ್ಥದಾಗ, ಹಾಕಿದ ಉಂಗುರ ಬೆರಳಾಗ ಇಟಗೊಂಡು ಈ ಕೆಲಸ.

ನಕಲು ಇಳಿಸೂದು ಅವನ ಕೈಯಲ್ಲ, ಪ್ರೋಗ್ರಾಂ ಇರತೈತಿ. ಅದು ಒಂದೊಂದ ಪುಟಕ್ಕ ಹೋಗಿ ಕಂಡ ಕಂಡ ಗುಂಡಿ ಒತ್ತಿ, ಕಂಡದ್ದೆಲ್ಲಾ ತರತೈತಿ. ಪ್ರತಿ ಕನ್ಯಾ ಪುಟದ ಕೆಳಗ ಒಂದು ಗುಂಡಿ ಇತ್ತು, 'ಪಸಂತ' ಅಂತ. ಹುಡುಗಿ ಮನಸ್ಸಿಗೆ ಬಂದ್ರ ಅದನ್ನ ಒತ್ತಬೇಕು. 'ಅದೊಂದು ಮುಟ್ಟಬ್ಯಾಡಪಾ' ಅಂತ ಪ್ರೋಗ್ರಾಂಗ ಹೇಳೂದು ಇಂವ ಮರತ. ಹೇಳಿಬಿಟ್ಟೇನಿ ಅಂದ್ಕೊಂಡು ಭಡಂಗ ಚುರಮರಿ ತಿನಕೋತ ಕೂತ. ಒಂದ ಸಂಜಿಯೊಳಗ ಮಂಡಳದ ಎಲ್ಲಾ ಕನ್ಯಾಗೋಳಿಗೂ ಪಸಂತ ಹೋತು. ಇಂಥಾ ಗಂಡಸು ಸಾಂಗ್ಲಿ ಜಿಲ್ಲಾದಾಗ ಇವನೊಬ್ಬನ ಇರಬೇಕು.

ಎಲ್ಲಾರದೂ ಲಗ್ನ ಆಗಿ ಮಕ್ಕಳಾಗಿ ಎಂದೋ ಹೋಗ್ಯಾರ. ಯಾರು ನೋಡ್ತಾರ? ಹಂಗಂತ ಸುಮ್ಮನಾದ.

ಒಬ್ಬಾಕಿ ನೋಡಿದ್ಲು.

ಬಾವಿ ಸುತ್ತಿದ ಮರುದಿನ ನೋಡಿದ್ರ ಮೂಲ ವೆಬ್‌ಸೈಟ್ ಬಂದ್ ಆಗಿ ಹೋಗಿತ್ತು. ಮೆಸೇಜು ಬಂದದ್ದು ಹೆಂಗ ಅಂತ ತಾನು ಕಾದಿಟ್ಟ ನಕಲು ತಗದ. ಎಲ್ಲಾ ಪುಟ ಹಂಗ ಅದಾವು. ಖಂಡೇರಾಜುರಿ ಅನ್ನೂ ಹಳ್ಳಿಯ ಋಜುತಾ ಅನ್ನಾಕಿ ಪುಟದಾಗ ಮಾತ್ರ, ಫೋಟೋದ ಕೆಳಗ, ಹೊಸಾ ಮಾತು. 'ಜಮಲಂ'. ಅಂದ್ರ ಕೂಡಿ ಬಂತು, ಲಗ್ನ ನಿಕ್ಕಿ ಆತು. ಅದರ ಮುಂದ ವರನ ಹೆಸರು, ಇವಂದು.

ಅವರ ಸಾಹೇಬ ಸಂಮೇದ ಅಂತ, ಒಳ್ಳೆ ಮನಷ್ಯಾ. ಅವರ ಕಡೆ ಓಡಿದ. "ಸಾಹೇಬ್ರ, ಆ ಒಂದು ಪುಟ ತಗದು ಹಾಕೋಣ್ರಿ" ಅಂದ.

"ಒಳಗ ಇಟ್ಟದ್ದು ತಗಿಯಂಗಿಲ್ಲೋ ಸಾರಂಗ. ಒಂದು ಅಕ್ಷರನೂ ಮುಟ್ಟಂಗಿಲ್ಲ. ಸತ್ತ ಸಂಸ್ಥಾದ ಮಾತು ನಾವ ಬದಲಿ ಮಾಡಾಕ ಹತ್ತಿದ್ರ ನಾವು ಕಾಯೂದು ಏನಾತು?"

"ಅದು ತಾನ ಬದಲಿ ಆಗೇತ್ರಿ..."

ಸಾಹೇಬ್ರು ಅವನ ಮಾರಿ ನೋಡಿ, "ನಾಲ್ಕು ದಿನ ರಜಾ ತಗೋ. ಲಗ್ನದ ಓಡಾಟ ಭಾಳ ಆಗೇತಿ ನಿನಗ" ಅಂದ್ರು.

ಅವತ್ತೂ ಚಕವಾ ಹತ್ತಿತು. ಅದರ ಮರುದಿನಾನೂ. ಬ್ಯಾರೆ ದಾರಿ ಹಿಡದ, ರಿಕ್ಷಾ ಹತ್ತಿದ... ರಿಕ್ಷಾದವನೂ ಬಾವಿ ಸುತ್ತಿ ಸುತ್ತಿ ಬೈದು ಇಳಿಸಿ ಹೋದ. ಆ ಬಳಿ ಸಪ್ಪಳ ದಿನಾ ಒಂದೊಂದ ಹೆಜ್ಜಿ ಹತ್ತರ. ಆಮ್ಯಾಲೆ ಟುಣ್. "ವರನ ಕಡೆಯಿಂದ ಇನ್ನೂ ಯಾರೂ ಬಂದಿಲ್ಲ." ಅದನ್ನ ಓದಿದ ಮ್ಯಾಲೆನ ಮನಿ ಕಾಣಿಸ್ತಿತ್ತು. ಸುಖದಾಗ ಹೇಳಲಿಲ್ಲ. ತುಳಸಿ ಲಗ್ನ ಆದ ಕೂಡ್ಲೆ ಇವರದು ಮುಹೂರ್ತ. ಹೇಳಿದ್ರ ಆಕಿ ಉಂಗುರ ತಗದು ಕೈಯಾಗ ಇಡ್ತಾಳಂತ ಅವನ ಅಂಜಿಕಿ. ಆ ಹುಡುಗಿ ಮ್ಯಾಲೆ ಅವನ ಜೀವ ಇತ್ತು ನೋಡ್ರಿ. ದೆವ್ವಕ್ಕಿಂತ ಅದಕ್ಕ ಹೆಚ್ಚು ಅಂಜಿದ್ದ.

ಮಿರಜದಾಗ ಬಾಳಕೃಷ್ಣ ಕಾಕಾ ಅಂತ, ಆ ಮಂಡಳದ ಕಡೀ ಕಾರ್ಯದರ್ಶಿ. ಕೇಳಕೋತ ಅವರ ಮನಿಗೆ ಹೋದ.

"ಕಾಕಾ, ಪಸಂತ ಅಂದದ್ದನ್ನ ವಾಪಸ್ ತಗೋಳೂದು ಹೆಂಗ್ರಿ?"

"ತಗೋಳಾಕ ಬರಂಗಿಲ್ಲೋ. ನಾವ ಮಾಡಿದ ನಿಯಮ ಅದು. ಗಂಡಿನವ್ರು ಪಸಂತ ಅಂತಿದ್ರು, ಕನ್ಯಾ ನೋಡಾಕ ಬಂದು ಅವಲಕ್ಕಿ-ಪೋಹೆ ತಿಂದು ಹೋಗ್ತಿದ್ರು, ಆಮ್ಯಾಲೆ ಮಾತ ಇಲ್ಲ. ಎಷ್ಟು ಹುಡುಗ್ಯಾರು ಅತ್ತಾರಂತಿ! ಅದಕ್ಕ, ಕನ್ಯೆದವ್ರು ಬಿಟ್ಟುಕೊಟ್ರ ಮಾತ್ರ ಬಿಡುಗಡಿ. ಯಾರು ಹುಡುಗಿ?"

ಹೆಸರು ಹೇಳಿದ. ಕಾಕಾ ಚಹಾದ ಕಪ್ಪು ಕೆಳಗಿಟ್ರು.

"ಋಜುತಾ...? ಆಕಿ ಜ್ವರ ಬಂದು ತೀರಿ ಹೋಗಿ ವರ್ಷಗಟ್ಟಲೆ ಆತಲ್ಲೊ. ಆಕೀಗೆ ಒಬ್ಬನೂ ಪಸಂತ ಅಂದಿದ್ದಿಲ್ಲ. ಪುಟ ತಗೀತೇವಿ ಅಂದ್ರ ಆಕಿ ತಾಯಿ ಬ್ಯಾಡ ಅಂದ್ರು. ಇರಲಿ ಬಿಡ್ರಿ, ಒಬ್ಬರಾದ್ರೂ ಅನ್ನಲಿ ಅಂದ್ರು."

ಮರುದಿನ ಇಳಿ ಹೊತ್ತಿನ್ಯಾಗ ಖಂಡೇರಾಜುರಿ ಬಸ್ ಹತ್ತಿದ. ಊರ ಹೊರಗ ಕಬ್ಬಿನ ನಡುವ ಒಂಟಿ ಮನಿ. ಬಾಗಲಾ ತಗದ ಇತ್ತು. ಋಜುತಾನ ತಾಯಿ, ಕುಂದಾ ಮಾವಶಿ, ಹೊಸ್ತಿಲದಾಗ ನಿಂತಿದ್ರು. ಹಣ್ಣು ಹಣ್ಣು ಮುದುಕಿ.

"ಬರ್ರಿ. ಭಾಳ ತಡಾ ಮಾಡಿದ್ರಿ. ಕುಂದ್ರಿ."

ಕೂತ. ಮುಂದ ಪೋಹೆ ತಾಟು, ಬಿಸಿ ಹೊಗಿ ಹಾಯ್ತೈತಿ. ಇಂವ ಬರ್ತೇನಂತ ಯಾರಿಗೂ ಹೇಳಿದ್ದಿಲ್ಲ.

"ಮಾವಶಿ... ನೀವು ಮೆಸೇಜು ಕಳಿಸಿದ್ರಿ?"

"ನನಗ ಫೋನು ಎಲ್ಲಿ ಬರತೈತಿ ತಮ್ಮಾ. ಇದ್ದದ್ದು ಆಕೀ ಫೋನು, ಅದನ್ನೂ ಆಕಿ ಸಂಗಾಟ ಕಳಿಸಿದ್ವಿ."

ಇಂವ ಕೈ ಮುಗದ. ಪ್ರೋಗ್ರಾಂ, ಗುಂಡಿ, ಮರವು, ಎಲ್ಲಾ ಹೇಳಿದ. ತಪ್ಪಾಗೇತಿ, ಬಿಟ್ಟುಕೊಡ್ರಿ ಅಂದ. ಮುದುಕಿ ಶಾಂತ ಆಗಿ ಕೇಳಿದ್ರು. ಸಿಟ್ಟಿಲ್ಲ, ಏನಿಲ್ಲ.

"ನಾ ಹೆಂಗ ಬಿಡ್ಲಿ? ಹೋಕಾರ ಕೊಟ್ಟಾಕಿ ಆಕಿ. ಒಳಗ ಅದಾಳ... ಕರೀಲೇನು?"

ಒಳಕೋಣಿ ಪರದೆ ಹಿಂದ... ಕಿಣ್.

ಎದ್ದ. ಚಪ್ಪಲ್ಲಿ ಅಲ್ಲೇ ಬಿಟ್ಟು ಓಡಿದ. ಕಬ್ಬಿನ ನಡುವ ಕಾಲುದಾರಿ, ಎಲಿ ಸರ್ ಸರ್ ಅಂತಾವು, ಉಸಿರು ಹತ್ತೈತಿ... ದಾರಿ ಮುಗದಲ್ಲಿ ಮನಿ. ಅದ ಮನಿ. ಹೊಸ್ತಿಲದಾಗ ಅದ ಮುದುಕಿ. ಮತ್ತ ಓಡಿದ, ಈ ಸಲ ಬ್ಯಾರೆ ಕಡೆ. ಮತ್ತ ಮನಿ. ಕತ್ತಲಾತು. ಯಾ ಕಡೆ ಹೋದ್ರೂ ಆ ಬಾಗಲಾ, ಆ ದೀಪ, ತಾಟಿನ್ಯಾಗಿನ ಪೋಹೆ ಇನ್ನೂ ಬಿಸಿ.

"ಮಾತು ಕೊಟ್ಟ ಮ್ಯಾಲೆ ಎಲ್ಲಿ ಹೋಗ್ತೀರಿ?" ಅಂದ್ರು ಮುದುಕಿ. ಬೈದದ್ದಲ್ಲ, ಅಳಿಯಗ ಹೇಳಿದಂಗ. "ನೀವ ಅಲ್ಲಾ ಅದನ್ನ ಅಳಿಸಲಾರದಂಗ ಮಾಡಿ ಇಟ್ಟಾವ್ರು?"

ಅವನಿಗೆ ಅಳು ಬಂತು. ಗಂಡಸು ನನ್ನ ಮುಂದ ಇದನ್ನ ಹೇಳೂವಾಗೂ ಅತ್ತ. ಅಂಗಳದಾಗ ಕುಸದು ಕೂತು, ಕಡೀಗೆ ಸುಖದಾಗ ಫೋನ್ ಹಚ್ಚಿದ.

ಸುಖದಾ ಮಿರಜದ ಒಂದು ದವಾಖಾನಿಯೊಳಗ ನರ್ಸು. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಪೂರಾ ಕೇಳಿ ಒಂದ ಮಾತು ಅಂದ್ಲು. "ಅಲ್ಲೇ ಕೂಡು. ಅಂಗಳ ಬಿಟ್ಟು ಕದಲಬ್ಯಾಡ."

ಸ್ಕೂಟಿ ಮ್ಯಾಲೆ ಒಬ್ಬಾಕಿನ ಬಂದ್ಲು. ಆಕೀಗೆ ಚಕವಾ ಹತ್ತಲಿಲ್ಲ, ದಾರಿ ಸೀದಾ ಬಿಟ್ಟಿತು. ಚೀಲದಾಗ ಒಂದು ಹೊಸಾ ಸೀರಿ, ಕುಬಸದ ಖಣ, ಅಕ್ಕಿ, ತೆಂಗಿನಕಾಯಿ, ಹಸಿರು ಬಳಿ. ಇವನ ಮಾರಿ ಸುದ್ದಾ ನೋಡಲಿಲ್ಲ.

"ಮಾವಶಿ, ನಾ ಆಕೀ ಜೋಡಿ ಮಾತಾಡಬೇಕು."

ಮುದುಕಿ ಸರದು ದಾರಿ ಕೊಟ್ರು. ಸುಖದಾ ಪರದೆ ಸರಿಸಿ ಒಳಗ ಹೋದ್ಲು.

ಸಾರಂಗ ಹೊರಗ ಕೂತು ಕೇಳ್ತಾನ. ಮೊದಲ ಸುಖದಾನ ದನಿ, ಪಿಸುಪಿಸು. ಆಮ್ಯಾಲೆ ಉಡಿಯೊಳಗ ಅಕ್ಕಿ ಬೀಳೂ ಸಪ್ಪಳ, ಸರ್... ಸರ್. ಉಡಿ ತುಂಬೂ ಸಪ್ಪಳ ನಮಗ ಗೊತ್ತಿಲ್ಲೇನು? ಅಕ್ಕಿ ಉಡಿಯೊಳಗ ಬಿದ್ರ ಒಂದು ನಮೂನಿ, ನೆಲದ ಮ್ಯಾಲೆ ಬಿದ್ರ ಒಂದು ನಮೂನಿ. ಅದು ಉಡಿಯೊಳಗ ಬಿತ್ತು ಅಂತಾನ ಇಂವ. ಆಮ್ಯಾಲೆ ಬಳಿ. ಎರಡು ಕೈಯಾವಲ್ಲ. ನಾಲ್ಕು ಕೈಯಾವು.

ಹೊರಗ ಬಂದಾಗ ಸುಖದಾನ ಮಾರಿ ಬಿಳಿಚಿತ್ತು. ಚೀಲ ಖಾಲಿ.

"ಏಳು. ಬಿಟ್ಟಾಳ. ನಮ್ಮ ಲಗ್ನಕ್ಕ ಅಡ್ಡಿ ಇಲ್ಲ."

"ಏನಂದಿ ಆಕೀಗೆ?"

"ಸ್ಕೂಟಿ ಹತ್ತು."

ಸೀದಾ ಮನಿಗೆ ಬಂದ್ರು. ಆಮ್ಯಾಲೆ ಚಕವಾ ಇಲ್ಲ, ಮೆಸೇಜಿಲ್ಲ. ಒಳಗ ಏನ ಮಾತಾತು ಅಂತ ಸುಖದಾ ಇವತ್ತಿನ ತನಕ ಹೇಳಿಲ್ಲ. ಗಂಡಗೂ ಹೇಳಿಲ್ಲ, ನನಗೂ ಹೇಳಿಲ್ಲ. ಕೇಳಿದ್ರ ಎದ್ದು ಒಳಗ ಹೋಗ್ತಾಳ.

ತುಳಸಿ ಲಗ್ನ ಆತು, ಇವರ ಲಗ್ನಾನೂ ಆತು. ನಮ್ಮ ಕಡೆ ಮಂಗಳಸೂತ್ರಕ್ಕ ಎರಡು ವಾಟಿ, ಬಂಗಾರದ ಸಣ್ಣ ಬಟ್ಟಲು. ಒಂದು ತವರಿಂದು, ಒಂದು ಅತ್ತಿ ಮನೀದು. ಅಕ್ಷತಿ ತಾಟಿನ್ಯಾಗ ಅದನ್ನ ಇಟಗೊಂಡು ಮಂಟಪದಾಗ ನಿಂತಾಕಿ ನಾನು. ಎರಡ ಇದ್ದುವು. ಸಾರಂಗ ಕಟ್ಟಿದ್ದೂ ಎರಡ.

ಮರುದಿನ ಸತ್ಯನಾರಾಯಣ ಪೂಜಿಗೆ ಸುಖದಾ ಬಗ್ಗಿ ನಮಸ್ಕಾರ ಮಾಡಿದ್ಲು. ಕೊರಳಾಗಿಂದ ಜೋತಾಡಿದ್ದು ಮೂರು.

ನಾನ ಆಕೀನ್ನ ಆ ವಾಟಿ ಮಾಡಿದ ಅಕ್ಕಸಾಲಿ, ಸೋನಾರನ ಕಡೆ ಕರಕೊಂಡು ಹೋದೆ. ಅಂವ ಕಣ್ಣಿಗೆ ಭೂತಗನ್ನಡಿ ಹಚಗೊಂಡು ತಿರುವಿ ಮುರುವಿ ನೋಡಿದ. "ನಡುವಿಂದು ನಾ ಮಾಡಿದ್ದಲ್ಲರಿ ಬಾಯಿ. ಹಳೇದು. ಅಂಚು ಸವದಾವು" ಅಂದ. ಹಿಂದಕಿನ ಕಾಲಕ್ಕ ಗಂಡನ ಮೊದಲನೇ ಹೆಂಡತಿ ತೀರಿಕೊಂಡಿದ್ರ ಎರಡನೇಯಾಕಿ ಸತ್ತಾಕಿ ಹೆಸರಿಲೆ ಒಂದು ವಾಟಿ ಹೆಚ್ಚಿಗಿ ಹಾಕ್ಕೊಳ್ತಿದ್ಲಂತ, ನಮ್ಮ ಅಜ್ಜಿ ಹೇಳ್ತಿದ್ಲು. ಸೋನಾರ ಅದನ್ನ ಬಿಚ್ಚಾಕ ಇಕ್ಕಳ ತಗೊಂಡ. ಸುಖದಾ ಅವನ ಕೈ ಹಿಡದ್ಲು.

"ಇರಲಿ ಬಿಡ್ರಿ ಕಾಕಾ. ಅದು ನಂದಲ್ಲ."

ನಂಬದಿದ್ರ ಬಿಡ್ರಿ. ನನಗ ಇದರಾಗ ಏನು ಗಳಸೂದೈತಿ? ನಾಳೆ ಸಾರಂಗನ ಮನಿಗೆ ಹೋಗೂಣು ನಡೀರಿ. ಸುಖದಾ ಚಹಾ ಕೊಡಾಕ ಬಗ್ಗತಾಳ, ಆವಾಗ ನೋಡ್ರಿ. ಮೂರು ಅದಾವು.