ಏಳು ಹೊಲಿಗೆ

ಶಹಾಪುರದ ದವಾಖಾನೆಯ ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದ ಸಗರದ ಶಿವಬಸಮ್ಮನ ಪಕ್ಕಕ್ಕೆ ಅತ್ತೆ ಸೊಸೆ ಇಬ್ಬರು ಬಂದು ಕೂತರು. ಸೊಸೆಯ ಹಣೆಗೆ ಆಗಷ್ಟೇ ಹಾಕಿದ ಏಳು ಹೊಲಿಗೆ. ಇದು ಕುಡುಕ ಗಂಡನದೇ ಕೆಲಸ, ಅವನ ಕೈಗೆ ಹುಳ ಬೀಳಲಿ ಎಂದು ಶಿವಬಸಮ್ಮ ಮನಸ್ಸಿನಲ್ಲೇ ಶಪಿಸಿದಳು.

"ಅತ್ತಿ, ಕುಡಿಯೋದು ಬಿಡಸೋ ವಾರ್ಡು ಯಾದಗಿರಿದಾಗ ಅದಂತ್ರಿ. ಸಿಸ್ಟರು ಚೀಟ್ಯಾಗ ಬರ್ದು ಕೊಟ್ಟಾರ."

"ಅಂವ ಬರ್ತಾನೇನು?"

"ತಾನಾಗಿ ಒಪ್ಪಿ ಬಂದ್ರ ಚಲೋ ಅಂದಾರ್ರಿ."

"ಕೂಸಿನ ಮುಂದ ನಿನ್ನ ಕುತ್ತಿಗಿ ಹಿಚುಕಿದಾಂವ ಒಪ್ತಾನ?"

"ಕೇಳಿ ನೋಡಾಣ್ರಿ."

"ನಿನ್ನೆ ರಾತ್ರಿ ನೀ ನಡುವ ಬರಲಿಲ್ಲಂದ್ರ ಕೇಳೋದೇ ಇರ್ತಿರಲಿಲ್ಲ. ನನ್ನ ಕೊಡ್ಲಿ ಅಂವನ ತಲಿಗೇ ಬೀಳ್ತಿತ್ತು."

ತನ್ನ ಶಾಪ ಯಾರ ಕೈಗೆ ತಗುಲಿತೆಂದು ತಿಳಿದು ಶಿವಬಸಮ್ಮ ಮುದುಕಿಯ ಕೈ ನೋಡಿದಳು. ಅದು ಇನ್ನೂ ಮುಷ್ಟಿ ಕಟ್ಟಿಯೇ ಇತ್ತು.

"ನಿಮ್ಮ ಹೊಟ್ಯಾಗ ಹುಟ್ಟಿದಾಂವ್ರಿ ಅಂವ."

"ಅದಕ್ಕೇ ನಾನೇ ಹೊಡೀಬೇಕು. ಕೊಡ್ಲಿ ಎಲ್ಲಿ ಬಚ್ಚಿಟ್ಟಿ?"

"ಅಂವನ್ನ ವಾರ್ಡಿನ್ಯಾಗ ಸೇರಿಸಿಕೊಂಡ ಮ್ಯಾಲೆ ಹೇಳ್ತೀನ್ರಿ."

ಮುದುಕಿ ಸೊಸೆಯ ಹೊಲಿಗೆಗಳನ್ನೊಮ್ಮೆ ನೋಡಿದಳು. ಆಮೇಲೆ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಹಗ್ಗ ಆದ್ರೂ ಮನ್ಯಾಗ ಬಿಟ್ಟೀಯೋ ಇಲ್ಲೋ? ನಡಿ. ಒಪ್ಪಲಿಲ್ಲಂದ್ರ ಕಟ್ಟಿಕೊಂಡು ಒಯ್ಯಾಣ."